ಕೈ ಊರಬಾರದು

ರಾಯಚೂರು ಗಂಜಿನ ಹಮಾಲರ ಭವನದಾಗ
ಇವತ್ತು ಅರವತ್ತು ದಾಟಿದವರ ಬಲ ಅಳೀತಾರಂತ.
ಗೋಡೆಗೆ ಬೆನ್ನು ಕೊಟ್ಟ ಒಂದು ಕುರ್ಚಿ,
ದಾರಕ್ಕೆ ಕಟ್ಟಿದ ಒಂದು ಗಡಿಯಾರ,
ಅದನ್ನು ಕೊರಳಿಗೆ ಹಾಕಿಕೊಂಡ ಯರಗೇರಿಯ ಹುಡುಗಿ ನಸ್ರೀನ್.
"ಕೈ ಎದಿಗೆ ಕಟ್ರಿ ಕಾಕಾ.
ಐದು ಸಲ ಏಳ್ರಿ, ಐದು ಸಲ ಕುಂದರ್ರಿ.
ಕೈ ಮಾತ್ರ ಊರಬಾರದು."

ನಗು ಬಂತು.
ಮೂವತ್ತೆಂಟು ವರ್ಷ ಇದೇ ಗಂಜಿನಲ್ಲಿ ತೂಕ ಹಿಡಿದವನು ನಾನು,
ಕಾಟಾದ ಮುಳ್ಳು ನಿಲ್ಲುವ ಮೊದಲೇ
ಅಂಡಿಗೆ ನೋಡಿ ಹೇಳುತ್ತಿದ್ದೆ:
ಹತ್ತಿ ಎಷ್ಟು, ಹತ್ತಿಗೆ ಚಿಮುಕಿಸಿದ ನೀರು ಎಷ್ಟು.
ನನ್ನ ತೂಗಲು ಕುರ್ಚಿಯೇ?

ಮೊದಲು ಒಂದು ಕಬ್ಬಿಣದ ಹಿಡಿಕೆ ಕೊಟ್ಟಳು. ಹಿಚುಕಿದೆ.
"ಮೂವತ್ತೊಂದು ಕೆ.ಜಿ. ಹಿಡಿತ ಚಲೋ ಐತಿ."
ಇರದೆ ಏನು!
ಹಿಂದೆ ನಿಂತ ದಲಾಲಿ ಅಂಗಡಿಯ ಗುಮಾಸ್ತನ ಕಡೆ
ಒಮ್ಮೆ ತಿರುಗಿ ನೋಡಿದೆ.

ಆಮೇಲೆ ಕುರ್ಚಿ.
ಒಂದು.
ಎರಡು.
ಮೂರಕ್ಕೆ ತೊಡೆ ಬೇರೆ ಯಾರದೋ ಆಯಿತು.
ನಾಲ್ಕಕ್ಕೆ ಗಂಜಿನ ಗದ್ದಲವೆಲ್ಲ ಮೊಣಕಾಲಿಗೆ ಇಳಿದು ಕುಂತಿತು.
ಐದಕ್ಕೆ, ಎದೆಗೆ ಕಟ್ಟಿದ ಕೈ
ಅವ್ವನ ಸೆರಗು ಹುಡುಕುವ ಕೂಸಿನಂಗ
ಕುರ್ಚಿ ಕಡೆ ಓಡಲು ನೋಡಿತು. ಗದರಿಸಿ ಹಿಡಕೊಂಡೆ.

ಹದಿನೇಳು ಸೆಕೆಂಡು.

ನನ್ನ ಎತ್ತರ, ನನ್ನ ತೂಕ, ಕುರ್ಚಿಯ ಎತ್ತರ,
ಮೊಬೈಲಿನಲ್ಲಿ ಏನೇನೋ ಗುಣಿಸಿ ಭಾಗಿಸಿ ಅಂದಳು:
"ನೂರಾ ಇಪ್ಪತ್ತೇಳು ವ್ಯಾಟ್."
ವ್ಯಾಟ್!
ಅಲ್ಲಿ ಶಕ್ತಿನಗರದ ಚಿಮಣಿ
ಹಗಲು ರಾತ್ರಿ ಕಲ್ಲಿದ್ದಲು ಉಂಡು ಹೆರುವುದನ್ನು
ಇಲ್ಲಿ ನಾನು ಎರಡು ಜೋಳದ ರೊಟ್ಟಿ ಉಂಡು ಹೆರುತ್ತೇನಂತ.
ಲೆಕ್ಕ ಹಾಕಿದೆ: ಅರವತ್ತರ ಹಳದಿ ಬಲ್ಬು ಎರಡು,
ಉಳಿದದ್ದರಲ್ಲಿ ದೇವರ ಜಗಲಿಗೆ ಒಂದು ಜೀರೋ ಬಲ್ಬು.

"ಬಲ ಬೇರೆ, ಬಿರುಸು ಬೇರೆ ಕಾಕಾ.
ಎಷ್ಟು ಎತ್ತತೀರಿ ಅಂತಲ್ಲ,
ಎಷ್ಟು ಲಗೂನ ಏಳತೀರಿ ಅಂತ.
ಮೊದಲು ಹೋಗೋದು ಬಿರುಸು.
ಬಲ ಇನ್ನೂ ಮನ್ಯಾಗ ಇರತೈತಿ, ಗೊತ್ತೇ ಆಗಂಗಿಲ್ಲ."

ನನ್ನ ಕಾಟಾ ಎಂದೂ ಹೊತ್ತು ಕೇಳಲಿಲ್ಲ.
ಮುಂಜಾನೆ ಇಟ್ಟರೂ ಕ್ವಿಂಟಲ್, ಸಂಜೆ ಇಟ್ಟರೂ ಕ್ವಿಂಟಲ್.

ಹುಸೇನಪ್ಪ ನೆನಪಾದ.
ಬೆನ್ನು ಕೊಟ್ಟು ಕುಂತನೆಂದರೆ
ಚೀಲ ಹೇರಿದವರು ಸರಿಯುವ ಮೊದಲೇ "ಹುಪ್",
ಎದ್ದು ಲಾರಿ ಹಲಗೆ ಏರಿರುತ್ತಿದ್ದ.
ಒಂದು ಸುಗ್ಗಿಯಲ್ಲಿ, ಅದೇ ಚೀಲ, ಅದೇ ಬೆನ್ನು,
ಹುಪ್ ಅಂದದ್ದಕ್ಕೂ ಎದ್ದದ್ದಕ್ಕೂ ನಡುವೆ
ಒಂದು ಸಂದು ಬಿತ್ತು.
ಒಂದು ಸಲ ಕೆಮ್ಮುವಷ್ಟು ಸಂದು.
ನನಗೆ ಕೇಳಿಸಿತ್ತು.
ತೂಕ ಬರೆದೆ. ಚೀಲದ ನಂಬರು ಬರೆದೆ.
ಸಂದು ಬರೆಯಲು ಪಟ್ಟಿಯಲ್ಲಿ ಖಾನೆ ಇರಲಿಲ್ಲ.
ವಾರಕ್ಕೇ ಹಲಗೆಯಿಂದ ಬಿದ್ದ.
ಕಾಲು ಜಾರಿತು ಅಂದರು ಎಲ್ಲರೂ.
ನಾನೂ ಅಂದೆ.

ಮನೆಯಲ್ಲಿ ಜಂಬಮ್ಮ ಖಾನಾವಳಿಗೆ ನಲವತ್ತು ರೊಟ್ಟಿ ಬಡಿದು
ಏಳುತ್ತಿದ್ದಳು.
ಮೊದಲು ಎಡಗೈ ನೆಲಕ್ಕೆ, ಆಮೇಲೆ ಬಲಗೈ ಒಲೆಕಟ್ಟೆಗೆ,
ಆಮೇಲೆ ಯಾವುದೋ ಸತ್ತ ಹಿರಿಯಳ ಹೆಸರು,
ಆಮೇಲೆ ಅವಳು.
ಬಾಯೊಳಗೆ ಎಣಿಸುತ್ತಿದ್ದೆ. ಒಂಬತ್ತು.
"ಕೈ ಊರಬಾರದಂತ," ಅಂದೆ.
ಹಿಟ್ಟು ಮೆತ್ತಿದ ಎರಡೂ ಕೈ ನನ್ನ ಮುಖಕ್ಕೆ ಹಿಡಿದಳು:
"ಮತ್ತ ಇವು ಎದಕ್ಕ ಅದಾವ?"

ಕಡಪಾ ಕಲ್ಲಿನ ನೆಲದ ಮೇಲೆ
ಐದು ಬೆರಳಿನ ಬಿಳಿ ಅಚ್ಚು.
ಕಿರುಬೆರಳ ಕಡೆ ತೆಳು, ಹೆಬ್ಬೆರಳ ಬುಡಕ್ಕೆ ದಪ್ಪ.
ಎಷ್ಟು ಭಾರ ಬಿದ್ದಿದೆ ನೋಡಿದರೇ ಹೇಳಬಲ್ಲೆ,
ಇಪ್ಪತ್ತೆರಡು ಕೆ.ಜಿ., ಅರ್ಧ ಆಚೆ ಈಚೆ.
ಒರಸಬ್ಯಾಡ, ಇರಲಿ ಅಂದೆ.

ನನಗೇನು ಹುಚ್ಚೇನು ಅಂತ ನೋಡಿ
ಒರಸಿದಳು,
ಮತ್ತೆ ಕುಂತು.